ಅರ್ಧ ಸುತ್ತಿನ ಅರ್ಥಶಾಸ್ತ್ರ

ಬಸವನಗುಡಿಯಲ್ಲಿ ಹೊಸ ಮೋಟಾರ್‌ಬೈಕ್ ಕೊಂಡವರಿಗೆ ಅಭಿನಂದನೆ ಹೇಳುವ ಪದ್ಧತಿ ಇಲ್ಲ. ‘ಎಷ್ಟು ಕೊಡುತ್ತೆ?’ ಅಂತ ಕೇಳುವುದೇ ಅಭಿನಂದನೆ. ಬ್ರೇಕು ಹಿಡಿಯುತ್ತದೆಯೇ, ಸಾಲದ ಕಂತು ಎಷ್ಟು, ಹೆಂಡತಿ ಒಪ್ಪಿದಳೇ ಎಂಬುದೆಲ್ಲ ಆಮೇಲಿನ ಮಾತು. ಉತ್ತರ ಹೇಳುವುದಕ್ಕೂ ಒಂದು ಶಿಷ್ಟಾಚಾರವಿದೆ. ಗಾಡಿ ಕೊಡುತ್ತಿರುವುದು ನಲವತ್ತೆಂಟಾದರೆ ‘ಐವತ್ತೈದಕ್ಕೆ ಮೋಸ ಇಲ್ಲ’ ಎನ್ನಬೇಕು. ಈ ಐವತ್ತೈದು ಕೃಷ್ಣರಾವ್ ಪಾರ್ಕಿನ ಬೆಂಚಿನಿಂದ ಎದ್ದು ಗಾಂಧಿಬಜಾರಿನ ಹೂವಿನಂಗಡಿ ತಲುಪುವಷ್ಟರಲ್ಲಿ ಅರವತ್ತಾಗಿರುತ್ತದೆ. ಚಾಮರಾಜಪೇಟೆ ದಾಟಿ ಮಲ್ಲೇಶ್ವರ ಮುಟ್ಟುವಾಗ ಎಪ್ಪತ್ತು. ದೂರ ಹೋದಷ್ಟೂ ಮೈಲೇಜು ಏರುವ ವಾಹನ ಬಾಯಿಮಾತೊಂದೇ.

ಹಿಂದೆ ಈ ಪೀಡೆ ಇಷ್ಟಿರಲಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾಗಳನ್ನೂ ಆಮೇಲೆ ಬಂದ ಯೆಜ್ಡಿಗಳನ್ನೂ ಓಡಿಸಿದವರು ಮೈಲೇಜಿನ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಮನೆಯಲ್ಲಿ ಜಗಳವಾಗುತ್ತಿತ್ತು. ಕಿಕ್ಕರನ್ನೇ ತಿರುಗಿಸಿ ಗೇರ್ ಲಿವರ್ ಮಾಡಿಕೊಳ್ಳುವ ಆ ಗಾಡಿ ಎರಡು ಸೈಲೆನ್ಸರ್‌ಗಳಲ್ಲಿ ನೀಲಿ ಹೊಗೆ ಬಿಡುತ್ತಾ ಬುಲ್ ಟೆಂಪಲ್ ರಸ್ತೆ ಹತ್ತಿದರೆ, ಹಿಂದೆ ಬರುವವನಿಗೆ ಸವಾರ ಕಾಣುತ್ತಿರಲಿಲ್ಲ, ಅವನ ಪ್ರತಿಷ್ಠೆ ಮಾತ್ರ ಕಾಣುತ್ತಿತ್ತು. ಆಮೇಲೆ 1985 ಬಂತು. ಲೀಟರಿಗೆ 80 ಕಿಲೋಮೀಟರ್ ಎಂದು ಸಾರಿಕೊಂಡು ಹೀರೊ ಹೋಂಡಾ ಸಿ.ಡಿ. 100 ಬಂತು, ಅದೇ ವರ್ಷ ಏನನ್ನೂ ಸಾರದೆ ಯಮಹಾ ಆರ್.ಎಕ್ಸ್. 100 ಬಂತು. ಅಪ್ಪ ಮೊದಲನೆಯದನ್ನು ಕೊಂಡರು, ಮಗ ಎರಡನೆಯದಕ್ಕೆ ಊಟ ಬಿಟ್ಟ. ಇಬ್ಬರೂ ಕೊನೆಗೆ ಹೋಗಿ ನಿಂತದ್ದು ಒಬ್ಬನೇ ಮೆಕ್ಯಾನಿಕ್ ಎದುರು. ‘ಮೈಲೇಜ್ ಬರೋ ಹಾಗೆ ಮಾಡಪ್ಪ’ ಎಂದರು ಅಪ್ಪ. ‘ಪಿಕಪ್ ಬರೋ ಹಾಗೆ ಮಾಡಣ್ಣ’ ಎಂದ ಮಗ. ಮೆಕ್ಯಾನಿಕ್ ಇಬ್ಬರ ಗಾಡಿಗೂ ಅದೇ ಸ್ಕ್ರೂಡ್ರೈವರ್ ಹಾಕಿದ. ಇಬ್ಬರೂ ತೃಪ್ತರಾಗಿ ಮನೆಗೆ ಹೋದರು.

ಆ ತೃಪ್ತಿಯನ್ನು ಹತ್ತಿರದಿಂದ ನೋಡಬೇಕೆಂದರೆ ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಯಾವುದಾದರೂ ಅಡ್ಡರಸ್ತೆಗೆ ಹೋಗಿ. ಹೊಂಗೆಮರದ ಕೆಳಗೆ ಅಂಗಡಿಗಿಂತ ಅಂಗಡಿಯ ಹೊರಗೇ ಹೆಚ್ಚು ಹರಡಿಕೊಂಡ ಗ್ಯಾರೇಜು. ಹಿಡಿಗೆ ಕಪ್ಪು ಇನ್ಸುಲೇಶನ್ ಟೇಪು ಸುತ್ತಿದ ಗಿಡ್ಡ ಸ್ಕ್ರೂಡ್ರೈವರ್. ಮೆಕ್ಯಾನಿಕ್ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಾರ್ಬ್ಯುರೇಟರಿನ ಮಗ್ಗುಲಲ್ಲಿರುವ ಹಿತ್ತಾಳೆ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸುತ್ತಾನೆ. ಎಂಜಿನ್ ಗಂಟಲು ಕಟ್ಟಿ ಕೆಮ್ಮುತ್ತದೆ. ಒಂದೂವರೆ ಸುತ್ತು ಹೊರಕ್ಕೆ ಬಿಡುತ್ತಾನೆ. ಉಸಿರಾಡುತ್ತದೆ. ಅಲ್ಲಿಂದ ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ. ಕಣ್ಣು ಮುಚ್ಚಿರುತ್ತದೆ. ಸಂಗೀತ ಸಭೆಯಲ್ಲಿ ತಂಬೂರಿ ಶ್ರುತಿ ಮಾಡುವಾಗಲೂ ಸುತ್ತಲಿನವರು ಅಷ್ಟು ಮೌನವಾಗಿರುವುದನ್ನು ನಾನು ಕಂಡಿಲ್ಲ. ಸಭೆಯಲ್ಲಾದರೆ ಕ್ಯಾಂಟೀನಿನ ಮಾತಾದರೂ ನಡೆದಿರುತ್ತದೆ. ಕೊನೆಗೆ ಆತ ಕಣ್ಣು ತೆರೆದು ಹೇಳುತ್ತಾನೆ: ‘ಸ್ವಲ್ಪ ಲೀನ್ ಮಾಡಿದೀನಿ ಸಾರ್. ಐದಾರು ಜಾಸ್ತಿ ಬರುತ್ತೆ.’ ಐದಾರು ಏನು ಎಂದು ಯಾರೂ ಕೇಳುವುದಿಲ್ಲ. ಕಿಲೋಮೀಟರೇ ಇರಬೇಕು.

ಲೀನ್ ಎಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು; ರಿಚ್ ಎಂದರೆ ಅದರ ತಿರುವುಮುರುವು. ಒಂದು ಕಿಲೋ ಪೆಟ್ರೋಲ್ ಚೊಕ್ಕವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಳೆತ ಚೆನ್ನಾಗಿರಬೇಕೆಂದರೆ ಗಾಳಿಯನ್ನು ಹದಿಮೂರರ ಆಸುಪಾಸಿಗೆ ಇಳಿಸಬೇಕು. ಉಳಿತಾಯ ಬೇಕೆಂದರೆ ಹದಿನೈದು-ಹದಿನಾರರವರೆಗೆ ಏರಿಸಬಹುದು. ಅಲ್ಲಿಂದಾಚೆಗೆ ಎಂಜಿನ್ ಪೆಟ್ರೋಲ್ ಉಳಿಸುವುದಿಲ್ಲ, ಮುಷ್ಕರ ಹೂಡುತ್ತದೆ: ಬಿಸಿಯೇರುತ್ತದೆ, ಪ್ಲಗ್ಗು ಬೆಳ್ಳಗಾಗುತ್ತದೆ, ಒಮ್ಮೊಮ್ಮೆ ಬೆಂಕಿಯೇ ಹತ್ತಿಕೊಳ್ಳುವುದಿಲ್ಲ. ಎಳೆತ ಸಾಲದೆಂದು ಸವಾರ ಆಕ್ಸಿಲರೇಟರ್ ಇನ್ನಷ್ಟು ತಿರುವುತ್ತಾನೆ. ಸ್ಕ್ರೂವಿನಲ್ಲಿ ಉಳಿಸಿದ್ದು ಮಣಿಕಟ್ಟಿನಲ್ಲಿ ಖರ್ಚು. ಪ್ಲಗ್ಗು ಬಿಚ್ಚಿ ನೋಡಿ ‘ಬಿಸ್ಕೆಟ್ ಕಲರ್ ಬಂದಿದೆ, ಮುಟ್ಟಬೇಡಿ’ ಎನ್ನುವ ಮೆಕ್ಯಾನಿಕ್ಕುಗಳೂ ಈ ಊರಲ್ಲಿದ್ದಾರೆ. ಅವರ ಹತ್ತಿರ ಗಿರಾಕಿ ಎರಡನೇ ಸಲ ಹೋಗುವುದಿಲ್ಲ. ಏನೂ ಮಾಡದೆ ದುಡ್ಡು ಕೇಳುವವನನ್ನು ಯಾರು ನಂಬುತ್ತಾರೆ?

ಇನ್ನೂ ಒಂದು ಸ್ವಾರಸ್ಯವಿದೆ. ‘ಸ್ಕ್ರೂ ಟೈಟ್ ಮಾಡಿದರೆ ಮೈಲೇಜು’ ಎಂಬುದು ಪಾರ್ಕಿನ ಬೆಂಚುಗಳ ಸರ್ವಸಮ್ಮತ ಸಿದ್ಧಾಂತ. ಆರ್.ಎಕ್ಸ್. 100ರಂಥ ಗಾಡಿಯಲ್ಲಿ ಆ ಸ್ಕ್ರೂ ಕಾಯುವುದು ಗಾಳಿಯ ಬಾಗಿಲನ್ನು. ಟೈಟ್ ಮಾಡಿದರೆ ಗಾಳಿ ಕಡಿಮೆ, ಪೆಟ್ರೋಲಿನ ಪಾಲೇ ಹೆಚ್ಚು. ಎಷ್ಟೋ ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಅದೇ ಮುಖದ ಸ್ಕ್ರೂ ಎಂಜಿನ್ ಕಡೆಯ ಮಗ್ಗುಲಲ್ಲಿ ಕೂತು ಪೆಟ್ರೋಲಿನ ಬಾಗಿಲು ಕಾಯುತ್ತದೆ. ಅಲ್ಲಿ ಟೈಟ್ ಮಾಡಿದರೆ ಲೀನ್. ಹಾಗಾಗಿ ಹಳೆಯ ಟೂ-ಸ್ಟ್ರೋಕ್ ಭಕ್ತರಲ್ಲಿ ಎಷ್ಟು ಮಂದಿ ಉಳಿತಾಯದ ಹೆಸರಿನಲ್ಲಿ ವರ್ಷಗಟ್ಟಲೆ ಪೆಟ್ರೋಲ್ ಹೆಚ್ಚಿಸಿಕೊಂಡು ಓಡಿಸಿದರೋ ದೇವರಿಗೇ ಗೊತ್ತು. ಅವರ ಮೈಲೇಜು ಮಾತ್ರ ಬೆಂಚಿನ ಮೇಲೆ ಪ್ರತಿ ತಿಂಗಳೂ ಏರುತ್ತಿತ್ತು.

ಮೆಕ್ಯಾನಿಕ್ಕನ್ನು ಇಷ್ಟು ಬೈದ ಮೇಲೆ ಅವನ ಪರವಾಗಿಯೂ ಎರಡು ಮಾತು ಹೇಳಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿ ಚೆನ್ನೈ, ಮಂಗಳೂರುಗಳ ಗಾಳಿಗಿಂತ ತೆಳು. ಕಾರ್ಬ್ಯುರೇಟರಿಗೆ ಭೂಗೋಳ ಗೊತ್ತಿಲ್ಲ. ಗಾಳಿ ತೆಳುವಾದದ್ದಕ್ಕೆ ತಕ್ಕಂತೆ ಅದು ಪೆಟ್ರೋಲ್ ಇಳಿಸುವುದಿಲ್ಲ. ಕರಾವಳಿಯ ಹದಕ್ಕೆ ಕೂಡಿಸಿದ ಗಾಡಿ ಇಲ್ಲಿಗೆ ಬಂದರೆ ತುಸು ರಿಚ್ ಆಗಿಯೇ ಓಡುತ್ತದೆ. ಇನ್ನೊಂದು: ಆ ಸ್ಕ್ರೂವಿನ ದರ್ಬಾರು ಆಕ್ಸಿಲರೇಟರ್ ಕಾಲುಭಾಗ ತೆರೆಯುವವರೆಗೆ ಮಾತ್ರ. ಅದರ ಮುಂದೆ ನೀಡಲ್, ಇನ್ನೂ ಮುಂದೆ ಮೇನ್ ಜೆಟ್. ಬೇರೆ ಊರಿನಲ್ಲಾದರೆ ಸ್ಕ್ರೂ ತಿರುಗಿಸಿ ಮೈಲೇಜು ತರುವುದು ಅರ್ಧ ಭ್ರಮೆ. ಬೆಂಗಳೂರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ತೆರೆಯುವ ಯೋಗ ಯಾರಿಗೆ ಬಂದಿದೆ? 2022ರ ಟಾಮ್‌ಟಾಮ್ ಸಂಸ್ಥೆಯ ಸಂಚಾರ ಪಟ್ಟಿಯ ಪ್ರಕಾರ ಇಲ್ಲಿನ ನಗರಕೇಂದ್ರದಲ್ಲಿ 10 ಕಿಲೋಮೀಟರ್ ಸಾಗಲು 29 ನಿಮಿಷ ಬೇಕಿತ್ತು. ಲಂಡನ್ ಒಂದನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಇಷ್ಟು ನಿಧಾನದ ಊರು ಬೇರೆ ಇರಲಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದ ಊರಿನಲ್ಲಿ ಮಿಕ್ಸ್ಚರ್ ಸ್ಕ್ರೂವೇ ರಾಜ. ನಮ್ಮ ಮೆಕ್ಯಾನಿಕ್ ಕೈಯಿಟ್ಟ ಜಾಗ ಸರಿಯಾಗಿಯೇ ಇದೆ. ಕೈ ಎಲ್ಲಿ ನಿಲ್ಲಿಸಬೇಕೆಂಬುದೊಂದೇ ತಕರಾರು.

ನಿಲ್ಲಿಸದಿದ್ದರೆ ಆಗುವುದೇನು? ಅತಿ ಲೀನ್ ಆದ ಗಾಡಿ ನ್ಯಾಷನಲ್ ಕಾಲೇಜ್ ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಹಿಂದಿನ ಆಟೋದವನು ವಂಶಾವಳಿ ಶುರುಮಾಡುತ್ತಾನೆ. ಮಾರನೆಯ ದಿನ ಮೆಕ್ಯಾನಿಕ್ಕಿಗೆ ದೂರು. ಅವನು ಮಿಕ್ಸ್ಚರ್ ಸ್ಕ್ರೂ ಮುಟ್ಟುವುದಿಲ್ಲ, ಮುಟ್ಟಿದರೆ ‘ಐದಾರು’ ಹೋಗುತ್ತದಲ್ಲ. ಪಕ್ಕದ ಐಡ್ಲಿಂಗ್ ಸ್ಕ್ರೂ ಏರಿಸುತ್ತಾನೆ. ಗಾಡಿ ಈಗ ಆಫ್ ಆಗುವುದಿಲ್ಲ. ಆದರೆ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ನು ಇಳಿಯುವುದಿಲ್ಲ, ಮಾತು ಮುಗಿದರೂ ಬಾಗಿಲಲ್ಲಿ ನಿಂತೇ ಇರುವ ನೆಂಟರಂತೆ ಗುಂಯ್ಯೆನ್ನುತ್ತಾ ಇರುತ್ತದೆ. ಹಾಗೆ ಸದ್ದಿಲ್ಲದೆ ಕಾಣೆಯಾಗುವ ಆಸ್ತಿಯ ಹೆಸರು ಎಂಜಿನ್ ಬ್ರೇಕ್.

ಈ ಎಂಜಿನ್ ಬ್ರೇಕಿನ ಬಗ್ಗೆ ನಮ್ಮವರಿಗೆ ಗೌರವ ಕಡಿಮೆ, ಏಕೆಂದರೆ ಅದು ಬಿಟ್ಟಿ ಸಿಗುತ್ತದೆ. ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಗಾಳಿಯ ದಾರಿ ಮುಚ್ಚುತ್ತದೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಪಿಸ್ಟನ್ನು ಮುಚ್ಚಿದ ಬಾಗಿಲಿನಿಂದ ಗಾಳಿ ಹೀರಲು ಒದ್ದಾಡುತ್ತದೆ. ಆ ಒದ್ದಾಟಕ್ಕೆ ಬೇಕಾದ ಶಕ್ತಿಯನ್ನು ಚಕ್ರದಿಂದಲೇ ಕಿತ್ತುಕೊಳ್ಳುವುದರಿಂದ ಗಾಡಿಯ ವೇಗ ತಾನೇ ತಗ್ಗುತ್ತದೆ. ಬಾಗಿಲು ಪೂರ್ತಿ ಮುಚ್ಚಬೇಕು ಎಂಬುದೇ ಇಲ್ಲಿನ ಷರತ್ತು. ಐಡ್ಲಿಂಗ್ ಏರಿಸಿ ಬಾಗಿಲನ್ನು ಓರೆಮಾಡಿಟ್ಟವನಿಗೆ ಹಿಡಿತ ಅಷ್ಟರಮಟ್ಟಿಗೆ ಸಡಿಲ. ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಬಿರುಕುಬಿಟ್ಟು ಗಾಳಿ ಕದಿಯುತ್ತಿದ್ದರೂ ಇದೇ ಕತೆ: ಮಿಶ್ರಣ ಲೀನ್, ಎಂಜಿನ್ನು ನಿಧಾನವಾಗಿ ಇಳಿಯುತ್ತದೆ. ಕಳೆದುಹೋದ ಎಂಜಿನ್ ಬ್ರೇಕಿನ ಬದಲಿಗೆ ಕಾಲು ಬ್ರೇಕನ್ನು ಒತ್ತಿಯೇ ಒತ್ತಬೇಕು. ಆರು ತಿಂಗಳಿಗೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೊಸ ಬ್ರೇಕ್ ಶೂ ಕೊಳ್ಳಬೇಕು. ಪೆಟ್ರೋಲ್ ಬಂಕಿನಲ್ಲಿ ಉಳಿದದ್ದು ಎಲ್ಲಿಗೆ ಹೋಯಿತೆಂದು ಗೊತ್ತಾಗದೆ, ಅದೇ ಅಂಗಡಿಯ ಕಟ್ಟೆಯ ಮೇಲೆ ನಿಂತು ‘ಈಗಿನ ಬ್ರೇಕ್ ಶೂಗಳಲ್ಲಿ ಕ್ವಾಲಿಟಿಯೇ ಇಲ್ಲ’ ಎನ್ನಬೇಕು.

ಉಳಿದದ್ದಾದರೂ ಎಷ್ಟು? ಪಾರ್ಕಿನ ಬೆಂಚಿನ ಮೇಲೆ ಕೂರುವ ಒಬ್ಬ ನಿವೃತ್ತ ಬ್ಯಾಂಕಿನವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುತ್ತಾರೆ. ಅದರಲ್ಲಿ ಅರ್ಧ, ವಾಕಿಂಗ್ ಮಾಡಲು ಲಾಲ್‌ಬಾಗಿಗೆ ಗಾಡಿಯಲ್ಲಿ ಹೋಗಿಬರುವುದಕ್ಕೆ. ತಿಂಗಳಿಗೆ 300 ಕಿಲೋಮೀಟರ್. ಲೀಟರಿಗೆ 50 ಬಂದರೆ 6 ಲೀಟರ್. ಮೆಕ್ಯಾನಿಕ್ಕನ ಮಾತು ಅಕ್ಷರಶಃ ನಿಜವಾಗಿ 55 ಬಂದರೆ ಸುಮಾರು ಐದೂವರೆ ಲೀಟರ್. 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಲೀಟರಿಗೆ 3 ರೂಪಾಯಿ ಕೂಡಿಸಿದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ 100 ದಾಟಿತಲ್ಲ, ಆ ದರದಲ್ಲಿ ತಿಂಗಳ ಉಳಿತಾಯ ಐವತ್ತು ಚಿಲ್ಲರೆ ರೂಪಾಯಿ. ಒಂದು ಮಸಾಲೆದೋಸೆಗೂ ಸಾಲದು. ಟ್ಯೂನಿಂಗಿಗೆ ಕೊಟ್ಟದ್ದನ್ನು ಕಳೆದರೆ ದೋಸೆಯ ಬಾಬ್ತು ಇವರೇ ಬಾಕಿ. ಆದರೆ ಇದು ದುಡ್ಡಿನ ವಿಷಯವಲ್ಲ, ಎಂದು ಅವರೇ ಹೇಳುತ್ತಾರೆ, ‘ತತ್ತ್ವದ ಪ್ರಶ್ನೆ’. ತತ್ತ್ವಕ್ಕಾಗಿ ಬ್ರೇಕ್ ಕಳೆದುಕೊಂಡ ಊರುಗಳು ಇತಿಹಾಸದಲ್ಲಿ ಕಡಿಮೆ.

ಇಳಿಜಾರಿನ ಸಂಗತಿ ಬೇರೆಯೇ. ದೊಡ್ಡ ಬಸವಣ್ಣನ ಗುಡಿಯ ಎತ್ತರದಿಂದ ರಾಮಕೃಷ್ಣ ಆಶ್ರಮದ ಕಡೆಗೆ ಇಳಿಯುವಾಗ ನ್ಯೂಟ್ರಲ್‌ಗೆ ಹಾಕದವನು ಬಸವನಗುಡಿಯವನೇ ಅಲ್ಲ. ಇನ್ನೂ ಕಟ್ಟಾ ಮಿತವ್ಯಯಿಗಳು ಕೀಲಿಯನ್ನೇ ತಿರುಗಿಸಿ ಎಂಜಿನ್ ಆಫ್ ಮಾಡಿ, ಯೋಗಿಗಳಂತೆ ನಿಶ್ಶಬ್ದವಾಗಿ ತೇಲಿಬರುತ್ತಾರೆ. ಅವರು ಗೇರಿನಲ್ಲೇ ಕೀಲಿ ಆಫ್ ಮಾಡಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ತುಂಬಿಕೊಂಡು, ಕೆಳಗೆ ಬಂದು ಕೀಲಿ ಆನ್ ಮಾಡಿದಾಗ ‘ಢಂ’ ಎನ್ನುತ್ತದೆ. ಕಡಲೆಕಾಯಿ ಪರಿಷೆಯ ದಿನವಾದರೆ ಅದೂ ಜಾತ್ರೆಯ ಒಂದು ಭಾಗವೆಂದು ಜನ ತಿಳಿಯುತ್ತಾರೆ. ಕೀಲಿ ಇನ್ನೊಂದು ಹಲ್ಲು ಹೆಚ್ಚು ತಿರುಗಿ ಹ್ಯಾಂಡಲ್ ಲಾಕ್ ಆದರೆ ಉಳಿಸಿದ ಹನಿ ಪೆಟ್ರೋಲನ್ನು ಆಸ್ಪತ್ರೆಯ ಬಿಲ್ಲಿನಿಂದ ಭಾಗಿಸಿ ನೋಡಿಕೊಳ್ಳಬಹುದು.

ತಮಾಷೆ ಏನೆಂದರೆ, ನ್ಯೂಟ್ರಲ್ ಶಾಸ್ತ್ರಕ್ಕೆ ಹಿಂದೆ ಒಂದು ಆಧಾರವಿತ್ತು. ಕಾರ್ಬ್ಯುರೇಟರ್ ಗಾಡಿ ಇಳಿಜಾರಿನಲ್ಲಿ ಗೇರಿನಲ್ಲಿದ್ದರೂ ಪೈಲಟ್ ಜೆಟ್ಟಿನಿಂದ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ; ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ ಬ್ರೇಕಿನ ತಡೆಯಿಲ್ಲದೆ ಅದೇ ಪೆಟ್ರೋಲಿಗೆ ಹೆಚ್ಚು ದೂರ ಉರುಳುತ್ತದೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮ ಬಂತು. ಬಹುಪಾಲು ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಈ ವ್ಯವಸ್ಥೆ, ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಎಂಜಿನ್ನು ಸಾಕಷ್ಟು ವೇಗವಾಗಿ ತಿರುಗುತ್ತಿದ್ದರೆ, ಇಂಜೆಕ್ಟರನ್ನೇ ಮುಚ್ಚಿಬಿಡುತ್ತದೆ. ಪೆಟ್ರೋಲ್ ಸೊನ್ನೆ, ಬ್ರೇಕಿಗೆ ಬಿಟ್ಟಿ ಸಹಾಯ ಬೇರೆ. ಅದೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ನು ನಿಂತುಹೋಗದಿರಲೆಂದು ಇಂಜೆಕ್ಟರು ಪೆಟ್ರೋಲ್ ಚಿಮುಕಿಸಲೇಬೇಕು. ಇಳಿಜಾರು ಕಂಡ ಕೂಡಲೇ ನ್ಯೂಟ್ರಲ್ ಮಾಡುವವರು ಈಗ ಇಳಿಜಾರಿನುದ್ದಕ್ಕೂ ಪೆಟ್ರೋಲ್ ಸುರಿಯುತ್ತಾ ಉಳಿತಾಯ ಮಾಡುತ್ತಿದ್ದಾರೆ. ಹೇಳಿ ನೋಡಿ. ‘ನಾನು ಗಾಡಿ ಓಡಿಸೋಕೆ ಶುರುಮಾಡಿದಾಗ ನೀವಿನ್ನೂ ಹುಟ್ಟಿರಲಿಲ್ಲ’ ಎಂಬ ತಾಂತ್ರಿಕ ಉತ್ತರ ಸಿಗುತ್ತದೆ.

ಯೆಜ್ಡಿಯವರಿಗೆ ಈ ವಿಚಾರದಲ್ಲಿ ವಿವೇಕ ಹೆಚ್ಚಿತ್ತು, ಭಯದಿಂದ ಬಂದ ವಿವೇಕ. ಟೂ-ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕೇ ದುರ್ಬಲ. ಮೇಲಾಗಿ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುವ ಗಾಡಿಯಲ್ಲಿ, ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ. ಚಾರ್ಮಾಡಿಯಂಥ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪಿಸ್ಟನ್ನು ಒಣಗಿ ಸೀಜ್ ಆಗಬಹುದು. ಅದಕ್ಕೇ ಬಲ್ಲವರು ಇಳಿಯುವಾಗಲೂ ಆಗಾಗ ಒಮ್ಮೆ ತಿರುವಿ ಎಂಜಿನ್ನಿಗೆ ಒಂದು ಗುಟುಕು ಕುಡಿಸುತ್ತಿದ್ದರು. ಮೈಲೇಜಿಗಾಗಿ ಪೆಟ್ರೋಲಿನ ಜೊತೆಗೆ ಆಯಿಲನ್ನೂ ಕಡಿಮೆ ಮಾಡಿಸಿದ ಮಹನೀಯರೂ ಇದ್ದರು. ಅವರ ಗಾಡಿಗಳ ಬಿಡಿಭಾಗಗಳು ಈಗ ಬೇರೆಯವರ ಗಾಡಿಗಳಲ್ಲಿ ಓಡುತ್ತಿವೆ.

ಇನ್ನು ಮಗನ ಪಕ್ಷ. ಅವನಿಗೆ ಮೈಲೇಜು ಬೇಡ, ಸದ್ದು ಬೇಕು. ಕಂಪನಿಯ ಸೈಲೆನ್ಸರ್ ಕಿತ್ತು, ಸರಾಗವಾಗಿ ಹೊಗೆ ಬಿಡುವ ತೆರೆದ ಬಾಯಿಯದೊಂದನ್ನು ಹಾಕಿಸಿ ಸಂಪಿಗೆ ರಸ್ತೆಯಲ್ಲಿ ಬರುತ್ತಾನೆ. ಜೆಟ್ ಬದಲಿಸುವುದಿಲ್ಲ, ಅದಕ್ಕೆ ಸದ್ದಿಲ್ಲವಲ್ಲ. ಉಸಿರಾಟ ಸಲೀಸಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ಲೀನ್. ಹದಿನೆಂಟನೇ ಕ್ರಾಸಿನ ಸಿಗ್ನಲ್ ಹತ್ತಿರ ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಸರಿಯಾಗಿ ಉರಿಯದ ಮಿಶ್ರಣ ಬಿಸಿ ಸೈಲೆನ್ಸರಿನೊಳಗೆ ಹೋಗಿ ಉರಿಯುತ್ತದೆ: ಪಟ್, ಪಟ್, ಪಟಾರ್. ಬಸ್ಸಿಗೆ ಕಾಯುವ ಅಜ್ಜಿ ಎದೆ ಹಿಡಿದುಕೊಳ್ಳುತ್ತಾರೆ, ಹುಡುಗ ಹಲ್ಲು ಬಿಡುತ್ತಾನೆ. ಆ ಪಟಾಕಿಯ ಪ್ರತಿ ಸರವೂ ಬಂಕಿನಲ್ಲಿ ದುಡ್ಡು ಕೊಟ್ಟು ಕೊಂಡದ್ದು; ಗಾಡಿಯನ್ನು ಒಂದಿಂಚು ಮುಂದೆ ತಳ್ಳದೆ ಸುಟ್ಟುಹೋದದ್ದು.

ಗಮನಿಸಬೇಕಾದ್ದು ಇದು: ಅಪ್ಪ ಉಳಿಸಲು ಹೋಗಿ ಲೀನ್ ಮಾಡಿಕೊಂಡರು, ಮಗ ಉಡಾಯಿಸಲು ಹೋಗಿ ಲೀನ್ ಮಾಡಿಕೊಂಡ. ಇಬ್ಬರ ಗಾಡಿಯೂ ಬಿಸಿ, ಇಬ್ಬರದೂ ಪಟಗುಟ್ಟುತ್ತದೆ, ಇಬ್ಬರಿಗೂ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಮೂವತ್ತು ವರ್ಷ ಊಟದ ಮನೆಯಲ್ಲಿ ಒಂದು ವಿಷಯಕ್ಕೂ ಒಪ್ಪದ ಅಪ್ಪ-ಮಗ ಕಾರ್ಬ್ಯುರೇಟರಿನಲ್ಲಿ ಏಕಾಭಿಪ್ರಾಯಕ್ಕೆ ಬಂದಿದ್ದಾರೆ.

ಮಧ್ಯೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಎಮಿಷನ್ ಟೆಸ್ಟ್ ಎಂಬ ವ್ರತ ಬರುತ್ತದೆ. 2000ದ ಮಾರ್ಚ್ ಅಂತ್ಯದವರೆಗಿನ ದ್ವಿಚಕ್ರ ವಾಹನ ಐಡ್ಲಿಂಗಿನಲ್ಲಿ ಶೇ 4.5, ಆಮೇಲಿನ ಹಳೆಯ ಗಾಡಿಗಳಾದರೆ ಶೇ 3.5ರವರೆಗೆ ಕಾರ್ಬನ್ ಮಾನಾಕ್ಸೈಡ್ ಬಿಡಬಹುದೆಂಬುದು ನಿಯಮ. ಐಡ್ಲಿಂಗಿನಲ್ಲಿ ಎಂದರೆ, ಅದೇ ಸ್ಕ್ರೂವಿನ ರಾಜ್ಯದಲ್ಲಿ. ಹಾಗಾಗಿ ಟೆಸ್ಟಿಗೆ ಹೋಗುವ ಮುನ್ನ ಅರ್ಧ ಸುತ್ತು, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ವಾಪಸ್ ಅರ್ಧ ಸುತ್ತು. ಗಾಡಿ ಪರಿಸರಪ್ರೇಮಿಯಾಗಿರುವುದು ಅಷ್ಟು ಹೊತ್ತು ಮಾತ್ರ. ನಮ್ಮ ಹಲವು ವ್ರತಗಳ ಅವಧಿಯೂ ಅಷ್ಟೇ ಇರುವುದರಿಂದ ಇದರ ಬಗ್ಗೆ ಯಾರಿಗೂ ಪಾಪಪ್ರಜ್ಞೆ ಇಲ್ಲ.

ಅರ್ಧ ಸುತ್ತಿಗಾಗಿ ಭಾನುವಾರವೆಲ್ಲ ಮೆಕ್ಯಾನಿಕ್ಕಿನೊಂದಿಗೆ ವಾದ ಮಾಡುವ ಈ ಜನರ ಗಾಡಿಗಳ ಸ್ಕ್ರೂವನ್ನು, ಅವರಾರನ್ನೂ ಕೇಳದೆ, ಎಲ್ಲರದನ್ನೂ ಒಟ್ಟಿಗೆ ತಿರುಗಿಸಿದವರು ಬೇರೆ ಇದ್ದಾರೆ. ಅದೂ ನಮ್ಮ ಊರಿನಲ್ಲೇ ಶುರುವಾದದ್ದು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿಯವರು ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಆಗ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳು. 2030ಕ್ಕೆ ಎಂದಿದ್ದ ಗುರಿ ಹಿಂದೆ ಸರಿದು 2025ಕ್ಕೇ ಬಂತು. ನಮ್ಮ ದೇಶದಲ್ಲಿ ಗಡುವಿಗೆ ಮುಂಚೆ ಮುಗಿಯುವ ಕೆಲಸ ಅಪರೂಪ. ಮುಗಿದದ್ದು ನಿಮ್ಮ ಟ್ಯಾಂಕಿನಲ್ಲಿ.

ಎಥನಾಲಿನ ಗುಣ ಸ್ವಲ್ಪ ತಿಳಿದುಕೊಳ್ಳಬೇಕು. ಅದು ತನ್ನ ಆಮ್ಲಜನಕವನ್ನು ತಾನೇ ಹೊತ್ತು ತರುತ್ತದೆ. ಹಾಗಾಗಿ ಒಂದು ಕಿಲೋ ಎಥನಾಲ್ ಉರಿಯಲು 9 ಕಿಲೋ ಗಾಳಿ ಸಾಕು. ಐದರಲ್ಲಿ ಒಂದು ಪಾಲು ಅದನ್ನು ಬೆರೆಸಿದರೆ 14.7ರ ಲೆಕ್ಕ 13.5ರ ಹತ್ತಿರಕ್ಕೆ ಇಳಿಯುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲ. ಅದು ಹಳೆಯ ಹದದಲ್ಲೇ ಗಾಳಿ ಸೇರಿಸುತ್ತಾ ಹೋಗುತ್ತದೆ. ಎಂದರೆ, ಗಾಡಿ ತಾನಾಗಿಯೇ ಲೀನ್. ಯಾವ ಲೀನಿಗಾಗಿ ಅಪ್ಪಂದಿರು ಹೊಂಗೆಮರದ ಕೆಳಗೆ ತಪಸ್ಸು ಮಾಡಿದರೋ ಅದನ್ನು ಸರ್ಕಾರ ಬಿಟ್ಟಿಯಾಗಿ, ಬಂಕಿನಲ್ಲೇ, ಎಲ್ಲರಿಗೂ ಕೊಟ್ಟಿತು. ಮೈಲೇಜು ಏರಬೇಕಿತ್ತಲ್ಲ? ಇಳಿಯಿತು. ಲೀಟರ್ ಲೆಕ್ಕದಲ್ಲಿ ಎಥನಾಲಿನ ಕಸುವು ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ. ಸರ್ಕಾರದ್ದೇ ನೀತಿ ಆಯೋಗದ 2021ರ ವರದಿ ಹಳೆಯ ಬಗೆಯ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4, ಕಾರುಗಳಿಗೆ ಶೇ 6ರಿಂದ 7ರಷ್ಟು ಮೈಲೇಜು ನಷ್ಟವಾಗುತ್ತದೆಂದು ಮೊದಲೇ ಬರೆದಿಟ್ಟಿತ್ತು. ಕಸುವು ಇಳಿದ ಪೆಟ್ರೋಲಿನ ಬೆಲೆ ಇಳಿಯಿತೇ ಎಂದು ಕೇಳಬೇಡಿ. ನೀರು ಹಾಕಿದ ಹಾಲಿಗೆ ಬೆಲೆ ಇಳಿಸಿದ ಹಾಲಿನವನನ್ನು ನೀವು ಕಂಡಿದ್ದೀರಾ?

ಎಥನಾಲಿಲ್ಲದ ಪೆಟ್ರೋಲನ್ನೂ ಕೊಡಿ, ಬಂಕಿನಲ್ಲಿ ಬೆರಕೆ ಎಷ್ಟೆಂದು ಬರೆದು ಹಾಕಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆಮದು ತಗ್ಗುತ್ತದೆ, ಕಬ್ಬು ಬೆಳೆಯುವವನಿಗೆ ದುಡ್ಡು ಬರುತ್ತದೆ ಎಂಬ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ರೈತರನ್ನು ಕೇಳಿದರೆ ಬಾಕಿ ಎಷ್ಟಿದೆ ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಅಕ್ಕಿಯಿಂದಲೂ ಎಥನಾಲ್ ಮಾಡುತ್ತಾರೆ. 2023ರಲ್ಲಿ ಅನ್ನಭಾಗ್ಯಕ್ಕೆ ಕೇಳಿದ ಹೆಚ್ಚುವರಿ ಅಕ್ಕಿ ಆಹಾರ ನಿಗಮದಿಂದ ಸಿಗದೆ ನಮ್ಮ ರಾಜ್ಯ ಕಿಲೋಗೆ 34 ರೂಪಾಯಿಯಂತೆ ದುಡ್ಡು ಹಂಚಿತು. ಮರುವರ್ಷ ಅದೇ ನಿಗಮದ ಅಕ್ಕಿ ಡಿಸ್ಟಿಲರಿಗಳಿಗೆ ಹೋಗಲು ಅನುಮತಿ ಸಿಕ್ಕಿತು. ಮನುಷ್ಯನ ಹೊಟ್ಟೆಗಿಂತ ಗಾಡಿಯ ಟ್ಯಾಂಕಿಗೆ ದೆಹಲಿಯಲ್ಲಿ ವಶೀಲಿ ಜಾಸ್ತಿ.

ಇಷ್ಟಾದರೂ ಹಳೇ ಬೆಂಗಳೂರು ಬೀದಿಗಿಳಿಯಲಿಲ್ಲ. ವಾಟ್ಸ್ಆ್ಯಪಿಗಿಳಿಯಿತು. ರಬ್ಬರ್ ಪೈಪು ಕರಗುತ್ತದೆಂದು ಒಬ್ಬರು, ದೇಶಪ್ರೇಮವಿದ್ದವರಿಗೆ ಕರಗುವುದಿಲ್ಲವೆಂದು ಇನ್ನೊಬ್ಬರು. ನಮ್ಮ ನಿವೃತ್ತ ಬ್ಯಾಂಕಿನವರು ಚಾಮರಾಜಪೇಟೆಗೆ ಹೋಗಿ, ಜೀವಮಾನವೆಲ್ಲ ಲೀನ್ ಮಾಡಿಸಿದ ಸ್ಕ್ರೂವನ್ನು ಈಗ ಅರ್ಧ ಸುತ್ತು ರಿಚ್ ಮಾಡಿಸಿಕೊಂಡು ಬಂದರು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿದೆ, ಪಟಪಟ ನಿಂತಿದೆ, ಆಕ್ಸಿಲರೇಟರ್ ಬಿಟ್ಟರೆ ಗಾಡಿ ಹಿಡಿದಂತೆ ನಿಧಾನವಾಗುತ್ತಿದೆ. ಯಾವಾಗಲೋ ಆಗಬೇಕಿದ್ದ ರಿಪೇರಿ ಎಥನಾಲಿನ ದೆಸೆಯಿಂದ ಆಯಿತು. ಇದರ ಕೀರ್ತಿಯನ್ನು ಅವರು ಸರ್ಕಾರಕ್ಕೂ ಕೊಡುವುದಿಲ್ಲ, ಮೆಕ್ಯಾನಿಕ್ಕಿಗೂ ಕೊಡುವುದಿಲ್ಲ.

ಅವರ ಅಳಿಯನದು ಇಂಜೆಕ್ಷನ್ ಗಾಡಿ. ಅದರ ಆಕ್ಸಿಜನ್ ಸೆನ್ಸರು ಹೊಗೆಯನ್ನು ಮೂಸಿ ನೋಡಿ, ಪೆಟ್ರೋಲ್ ಸಾಲದೆಂದು ತಿಳಿದರೆ ತಾನೇ ಇನ್ನಷ್ಟು ಚಿಮುಕಿಸಿ ಹದ ಸರಿಮಾಡಿಕೊಳ್ಳುತ್ತದೆ. ತಿರುಗಿಸಲು ಸ್ಕ್ರೂವೇ ಇಲ್ಲ. ಮಾವನ ಒತ್ತಾಯಕ್ಕೆ ಆತ ಗಾಡಿಯನ್ನು ಅದೇ ಹೊಂಗೆಮರದ ಕೆಳಗೆ ಒಯ್ದ. ಮೆಕ್ಯಾನಿಕ್ ಸೀಟಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಹಸಿರು ಅಕ್ಷರಗಳನ್ನು ಓದಿ ‘ಎಲ್ಲಾ ಸರಿಯಾಗಿದೆ ಸಾರ್, ಏನೂ ಮಾಡೋ ಹಾಗಿಲ್ಲ’ ಎಂದ. ಅಳಿಯನ ಮುಖ ಬಾಡಿತು. ಮೆಕ್ಯಾನಿಕ್ಕಿಗೆ ಬದುಕು ಗೊತ್ತು. ಟೇಪು ಸುತ್ತಿದ ಹಳೆಯ ಸ್ಕ್ರೂಡ್ರೈವರನ್ನು ಡಬ್ಬಿಯಿಂದ ತೆಗೆದು, ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ನಂಬರ್ ಪ್ಲೇಟಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದ. ಇನ್ನೂರು ರೂಪಾಯಿ. ಅಳಿಯ ಈಗ ಆಫೀಸಿನಲ್ಲಿ ಹೇಳುತ್ತಿರುವ ಪ್ರಕಾರ, ಎರಡು ಕಿಲೋಮೀಟರ್ ಜಾಸ್ತಿ ಬರುತ್ತಿದೆ.